ಜೆರಿಕೋದಲ್ಲಿ ಕಳೆದ ಹೋಮ್‌ಕಮಿಂಗ್ ಸಂಜೆ

ಆಗೆಲ್ಲ ನಮ್ಮ ಬೀದಿಯಲ್ಲಿ ಕನ್ನಡ ಕೇಳಬೇಕೆಂದರೆ ನಮ್ಮ ಮನೆಯ ಅಡುಗೆಮನೆಗೇ ಬರಬೇಕಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನ್ಯೂಜೆರ್ಸಿಯ ಸಮರ್‌ಸೆಟ್ಟಿನಲ್ಲಿ ನಮ್ಮ ಸುತ್ತಮುತ್ತ ಇಂಡಿಯಾದವರು ಅಂತ ಇದ್ದದ್ದು ನಾವೊಬ್ಬರೇ. ತೊಗರಿಬೇಳೆ, ಇಂಗು ಮುಗಿದರೆ ಅಪ್ಪ ಕಾರು ತೆಗೆದುಕೊಂಡು ನ್ಯೂಯಾರ್ಕಿಗೆ ಹೋಗಬೇಕು. ಕರಿಬೇವಂತೂ ಯಾರಾದರೂ ಮೈಸೂರಿನಿಂದ ಒಣಗಿಸಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಪ್ಪ ಔಷಧದ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದರು. ಮಾತು ಕಡಿಮೆ, ಹಾಗಾಗಿ ನನಗೆ ಅವರೆಂದರೆ ಸ್ವಲ್ಪ ಹೆದರಿಕೆ. ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅಪ್ಪ ಕೆಲಸಕ್ಕೆ ಹೋದ ಮೇಲೆ ಮನೆ, ಕಿಟಕಿ, ಟಿವಿ, ಅಷ್ಟೇ. ಮಧ್ಯಾಹ್ನ ಸ್ಕೂಲ್ ಬಸ್ಸಿನಿಂದ ನಾನು ಇಳಿಯುವುದನ್ನೇ ಕಾಯುತ್ತಿದ್ದಳು. ಒಗ್ಗರಣೆ ಹಾಕಿದ ಅವಲಕ್ಕಿ ಮುಂದಿಟ್ಟು, ತಾನೂ ಕುರ್ಚಿ ಎಳೆದುಕೊಂಡು ಕೂತು, "ಹೂಂ, ಹೇಳು, ಇವತ್ತು ಏನಾಯ್ತು?" ಅನ್ನುತ್ತಿದ್ದಳು. ನಾನು ಒಂದನ್ನೂ ಬಿಡದೆ ಹೇಳುತ್ತಿದ್ದೆ. ಯಾರು ಯಾರ ಜೊತೆ ಮಾತು ಬಿಟ್ಟರು, ಜಿಮ್ ಟೀಚರ್ ಏನಂದರು, ಯಾವ ಹುಡುಗ ಯಾರ ಕೈ ಹಿಡಿದುಕೊಂಡು ಕಾರಿಡಾರಿನಲ್ಲಿ ನಡೆದ. ಅಮ್ಮ ಕಣ್ಣರಳಿಸಿ, "ಅಯ್ಯೋ, ನಿಜವಾಗ್ಲೂ? ಆಮೇಲೆ?" ಅಂತ ಕೇಳುತ್ತಿದ್ದಳು. ನನ್ನ ಕ್ಲಾಸಿನ ಹುಡುಗಿಯರಿಗೆಲ್ಲ ತಮ್ಮ ತಾಯಿಯರೆಂದರೆ ತಲೆನೋವು. ನನಗೆ ಮಾತ್ರ ಅಮ್ಮನಷ್ಟು ಆಪ್ತಳಾದ ಗೆಳತಿ ಬೇರೆ ಇರಲಿಲ್ಲ.

ಹೈಸ್ಕೂಲಿನ ಎರಡನೇ ವರ್ಷ. ಅಕ್ಟೋಬರಿನಲ್ಲಿ ಹೋಮ್‌ಕಮಿಂಗ್ ಬಂತು. ಓದು ಮುಗಿಸಿ ಹೋದ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಮತ್ತೆ ಬರುವ ಹಬ್ಬ ಅದು. ಶನಿವಾರ ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಫುಟ್‌ಬಾಲ್ ಪಂದ್ಯ, ಸಂಜೆ ಜಿಮ್ಮಿನಲ್ಲಿ ಡಾನ್ಸ್. ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಪೇಪರಿನಿಂದ ತಲೆಯೆತ್ತಿ, "ನಾನೂ ದಿನಾ ಮನೆಗೆ ಬರ್ತೀನಲ್ಲ, ನನಗ್ಯಾರೂ ಮೆರವಣಿಗೆ ಮಾಡಲ್ಲ" ಅಂದಿದ್ದರು. ಅವರು ತಮಾಷೆ ಮಾಡಿದರೋ ಗದರಿದರೋ ನನಗೆ ತಿಳಿಯಲಿಲ್ಲ.

ಮೆರವಣಿಗೆಗೆ ಒಂದೊಂದು ಕ್ಲಾಸೂ ಒಂದೊಂದು ರಥ ಕಟ್ಟಬೇಕು; ನಮ್ಮದು ತಯಾರಾದದ್ದು ನನ್ನ ಗೆಳತಿ ಡೆನೀಸಳ ಮನೆಯ ಗರಾಜಿನಲ್ಲಿ. ಎದುರಾಳಿ ಶಾಲೆಯ ಗುರುತು ಕರಡಿ. ಆದ್ದರಿಂದ ನಾವು ದೊಡ್ಡ ಪಾತ್ರೆಯಲ್ಲಿ ಬೇಯುತ್ತಿರುವ ಕರಡಿಯನ್ನು ಮಾಡುವುದೆಂದು ತೀರ್ಮಾನವಾಯಿತು. ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಬಗ್ಗಿಸಿ, ಅದರ ಒಂದೊಂದು ಕಣ್ಣಿಗೂ ಬಣ್ಣದ ಟಿಶ್ಯೂ ಕಾಗದದ ಉಂಡೆ ತುರುಕಬೇಕು. ಶಾಲೆ ಮುಗಿದ ಮೇಲೆ ದಿನವೂ ಅದೇ ಕೆಲಸ. ಗರಾಜಿನ ತುಂಬ ಪೆಟ್ರೋಲಿನ, ಗೋಂದಿನ ವಾಸನೆ. ಡೆನೀಸಳ ತಾಯಿ ದಾಲ್ಚಿನ್ನಿ ಹಾಕಿ ಕಾಯಿಸಿದ ಸೇಬಿನ ರಸ ತಂದುಕೊಡುತ್ತಿದ್ದರು. ತಂತಿ ಚುಚ್ಚಿ ಬೆರಳೆಲ್ಲ ಗೀರು, ಕಾಗದದ ಬಣ್ಣ ಹತ್ತಿ ಕಂದು. ಈ ದೇಶಕ್ಕೆ ಬಂದ ಮೇಲೆ, ನಾನು ಎಲ್ಲಿಂದ ಬಂದವಳೆಂದು ಯಾರೂ ಕೇಳದೆ, "ಇನ್ನಷ್ಟು ಕಂದು ಕಾಗದ ಕೊಡೇ" ಅಂತ ಕೂಗಿದ ಮೊದಲ ಜಾಗ ಆ ಗರಾಜು.

ಡಾನ್ಸಿಗೆ ನಾಲ್ಕೈದು ಹುಡುಗಿಯರು ಒಟ್ಟಿಗೆ ಹೋಗುವುದು, ಡೆನೀಸಳ ತಂದೆ ಸ್ಟೇಷನ್ ವ್ಯಾಗನ್ನಿನಲ್ಲಿ ಎಲ್ಲರನ್ನೂ ಮನೆಯಿಂದ ಕರೆದುಕೊಂಡು ಹೋಗುವುದು ಅಂತ ಮಾತಾಯಿತು. ನಾನು ಅಮ್ಮನನ್ನು ಕೇಳಿದೆ.

"ಹೋಗ್ಬೇಕು ಅಂತ ತುಂಬಾ ಆಸೇನಾ?"

"ತುಂಬಾ, ಅಮ್ಮ."

"ಸರಿ. ಅಪ್ಪನ್ನ ನಾನು ಒಪ್ಪಿಸ್ತೀನಿ. ನೀನು ಅವರ ಹತ್ರ ಬಾಯಿ ಬಿಡ್ಬೇಡ, ತಿಳೀತಾ?"

ಆಮೇಲೆ ಅಮ್ಮ ಪೆಟ್ಟಿಗೆಯಿಂದ ತನ್ನ ಗಿಣಿಹಸಿರಿನ ಮೈಸೂರು ರೇಷ್ಮೆ ಸೀರೆ ತೆಗೆದಳು. ನಾನು ಬೇಡ ಬೇಡ ಅನ್ನುತ್ತಿದ್ದಂತೆಯೇ ಕತ್ತರಿ ಆಡಿಸಿದಳು. ಒಂದು ವಾರ ಕೂತು ಕಾಲಿನವರೆಗೆ ಬರುವ ಡ್ರೆಸ್ ಹೊಲಿದಳು. ಡೆನೀಸ್ ಹೇಳಿಕೊಟ್ಟ ಹೆಜ್ಜೆಗಳನ್ನು ನಾನು ಅಡುಗೆಮನೆಯಲ್ಲಿ ಮಾಡಿ ತೋರಿಸಿದರೆ ಅಮ್ಮನೂ ಸೆರಗು ಸಿಕ್ಕಿಸಿ, ಸಾರಿನ ಸೌಟು ಹಿಡಿದುಕೊಂಡೇ ನನ್ನ ಜೊತೆ ಕುಣಿದಳು. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ನೋವು ಬಂತು.

ಶನಿವಾರ ನಮ್ಮ ಕರಡಿ ಮೆರವಣಿಗೆಯಲ್ಲಿ ಹೊರಟಿತು. ಗಾಳಿಗೆ ಒಂದು ಕಿವಿ ಹಾರಿಹೋದರೂ ಜನ ಚಪ್ಪಾಳೆ ತಟ್ಟಿದರು. ಪಂದ್ಯ ಸೋತೆವು, ಆದರೆ ಯಾರಿಗೂ ಬೇಸರವಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು. "ಏಳು ಗಂಟೆಗೆ ರೆಡಿ ಇರು" ಅಂದಳು ಡೆನೀಸ್. ಉಳಿದವರು ಮೈದಾನದಲ್ಲೇ ಹರಟುತ್ತ ನಿಂತಾಗ ನಾನು ಮಾತ್ರ ಮುಂಚೆಯೇ ಮನೆಗೆ ಓಡಿದೆ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಕಾಂಚೀಪುರಂ ಸೀರೆ ಉಟ್ಟು. ನನ್ನನ್ನು ಒಳಗೆ ಎಳೆದು ಪಿಸುಗುಟ್ಟಿದಳು: "ಅಪ್ಪ ಬೇಡ ಅಂದ್ಬಿಟ್ರು ಕಣೇ. ಜೆರಿಕೋದಲ್ಲಿ ಪದ್ಮಾ ಆಂಟಿ ಮನೇಲಿ ದಸರಾ ಬೊಂಬೆ ಕೂರಿಸಿದಾರಲ್ಲ, ಎಲ್ಲರೂ ಅಲ್ಲಿಗೇ ಹೋಗ್ಬೇಕಂತೆ."

"ಅಮ್ಮ! ನೀನು ಒಪ್ಪಿಸ್ತೀನಿ ಅಂದಿದ್ದೆ!"

"ಮೆಲ್ಲಗೆ! ಕೇಳಿಸುತ್ತೆ. ತುಂಬಾ ಸಿಟ್ಟಲ್ಲಿದ್ದಾರೆ. ಅವರನ್ನ ಏನೂ ಕೇಳ್ಬೇಡ ಈಗ. ಆ ಡ್ರೆಸ್ಸೇ ಹಾಕ್ಕೋ ಹೋಗು, ಅಷ್ಟು ಕಷ್ಟಪಟ್ಟು ಹೊಲಿದಿದೀನಿ."

ಡೆನೀಸಳ ಮನೆಗೆ ಫೋನ್ ಮಾಡಿದೆ. ಅವರೆಲ್ಲ ಇನ್ನೂ ಮೈದಾನದಲ್ಲೇ ಇದ್ದರು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಹೊರಗೆ ಅಪ್ಪ ಹಾರ್ನ್ ಮಾಡಿದರು.

ಜೆರಿಕೋ ಇರುವ ಲಾಂಗ್ ಐಲೆಂಡಿನವರೆಗಿನ ಆ ದೂರದ ದಾರಿಯುದ್ದಕ್ಕೂ ನಾನು ಅಪ್ಪನ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತ ಅವರನ್ನು ದ್ವೇಷಿಸಿದೆ. ಸೇತುವೆಯ ಮೇಲೆ ಹೋಗುವಾಗ ಅವರು, "ಏನು ಪುಟ್ಟಿ, ಸುಸ್ತಾಯ್ತಾ?" ಅಂದರು. ನಾನು ಕಿಟಕಿಯ ಕಡೆ ತಿರುಗಿದೆ. ಇಷ್ಟು ಮಾಡಿ ಹೇಗೆ ಇಷ್ಟು ಸಹಜವಾಗಿ ಮಾತಾಡುತ್ತಾರೆ ಅನ್ನಿಸಿ ಕಣ್ಣು ಉರಿಯಿತು.

ಪದ್ಮಾ ಆಂಟಿಯ ಮನೆಯಲ್ಲಿ ಐದಾರು ಕನ್ನಡ ಕುಟುಂಬಗಳು ಸೇರಿದ್ದವು. ರಟ್ಟಿನ ಪೆಟ್ಟಿಗೆಗಳ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಬೊಂಬೆ ಜೋಡಿಸಿದ್ದರು. ಕಡಲೆಕಾಳಿನ ಉಸಲಿಯ ಘಮ. ಹೆಂಗಸರೆಲ್ಲ ನನ್ನ ಡ್ರೆಸ್ ಮುಟ್ಟಿ ಮುಟ್ಟಿ ನೋಡಿದರು.

"ಎಷ್ಟು ಚೆನ್ನಾಗಿದೆ! ಏನು ವಿಶೇಷ ಇವತ್ತು?" ಅಂದರು ಆಂಟಿ.

ಅಪ್ಪ ಸೋಫಾದಿಂದಲೇ ಹೇಳಿದರು. ಅವರು ಹತ್ತು ಜನರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. "ಇವತ್ತು ಅವಳ ಸ್ಕೂಲಲ್ಲಿ ಡಾನ್ಸು ಕಣ್ರೀ. ನಾನು ಹೋಗ್ಲಿ ಬಿಡು ಅಂತಾನೇ ಅಂದೆ ಅವಳಮ್ಮನ ಹತ್ರ. ಬೇಕಾದ್ರೆ ನಾನೇ ಬಿಟ್ಟು ಬರ್ತೀನಿ ಅಂದೆ. ಆದ್ರೆ ನಮ್ ಶೈಲು, ಬೇಡ, ನಾನೂ ಬೊಂಬೆ ನೋಡೋಕೆ ಬರ್ತೀನಿ ಅಂದ್ಲಂತೆ. ಈ ವಯಸ್ಸಲ್ಲಿ, ಈ ದೇಶದಲ್ಲಿ, ಯಾರು ಹಾಗೆ ಅಂತಾರೆ ಹೇಳಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಬೊಂಬೆಗಳ ಮುಂದಿನ ದೀಪದ ಬತ್ತಿ ಸರಿಮಾಡುತ್ತಿದ್ದಳು. ಅದು ಚೆನ್ನಾಗಿಯೇ ಉರಿಯುತ್ತಿತ್ತು.

"ಅಲ್ವೇನಮ್ಮ?" ಅಂದರು ಅಪ್ಪ. ಮುಖದ ತುಂಬ ಹೆಮ್ಮೆ.

"ಹೌದು," ಅಂದೆ.

ಹೊರಗೆ ಕತ್ತಲಾಗುತ್ತಿತ್ತು. ಡೆನೀಸಳ ತಂದೆ ವ್ಯಾಗನ್ ಹೊರಡಿಸುವ ಹೊತ್ತು. ಅತಿಥಿಗಳ ಕೋಟುಗಳನ್ನು ರಾಶಿ ಹಾಕಿದ್ದ ಮಹಡಿಯ ಕೋಣೆಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಬಾಗಿಲು ಮುಂದೆ ಮಾಡಿದಳು.

"ಅಪ್ಪ ಹೂಂ ಅಂದಿದ್ರು," ಅಂದೆ.

ಅಮ್ಮ ಜಾರಿಬಿದ್ದಿದ್ದ ಕೋಟೊಂದನ್ನು ಎತ್ತಿ ಮಡಿಸತೊಡಗಿದಳು.

"ನೀನು ಡ್ರೆಸ್ ಹೊಲಿದೆ. ನನ್ನ ಜೊತೆ ಡಾನ್ಸ್ ಮಾಡ್ದೆ!"

"ಹೊಲಿಯೋವಾಗ ಕಳಿಸ್ಬೇಕು ಅಂತಾನೇ ಇದ್ದೆ ಕಣೇ. ಆಣೆ. ಆದ್ರೆ ದಿನಾ ನೀನು ಆ ಗರಾಜಿಂದ ಬಂದು ಹೇಳೋದು ಕೇಳ್ತಾ ಕೇಳ್ತಾ ಭಯ ಆಯ್ತು. ನೀನೂ ಆ ಕಡೆಯವಳಾಗಿ ಹೋದ್ರೆ, ಈ ದೇಶದಲ್ಲಿ ನಾನು ಯಾರ ಜೊತೆ ಮಾತಾಡ್ಲಿ?" ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬೇಡ ಅಂತ ನಾನೇ ಹೇಳಿದ್ರೆ ನನ್ ಮೇಲೆ ಸಿಟ್ಟಾಗ್ತಿದ್ದೆ. ಅಪ್ಪನ ಮೇಲಾದ್ರೆ... ಹೇಗೂ ಅವರ ಹತ್ರ ನೀನು ಅಷ್ಟು ಮಾತಾಡಲ್ಲ."

ಅವಳು ನನ್ನ ತಲೆ ಸವರಲು ಕೈ ಚಾಚಿದಳು. ನಾನು ಸರಿದು ಕೂತೆ.

ಸೋಮವಾರ ಡೆನೀಸ್ ನನ್ನ ಲಾಕರಿನ ಹತ್ತಿರ ಬಂದಳು. ನಮ್ಮ ಮನೆಯ ಮುಂದೆ ಅವರು ತುಂಬ ಹೊತ್ತು ಕಾದಿದ್ದರಂತೆ. ಬಾಗಿಲು ಬಡಿದು, ಹಿತ್ತಲಿಗೂ ಹೋಗಿ ನೋಡಿದ್ದರಂತೆ. ಬರಲು ಇಷ್ಟವಿಲ್ಲದಿದ್ದರೆ ಹಾಗಂತ ಹೇಳಬಹುದಿತ್ತಲ್ಲ ಅಂದಳು. ಫೋನ್ ಮಾಡಿದ್ದೆ ಅಂದರೆ ನಂಬಲಿಲ್ಲ. ನನ್ನ ತಾಯಿ ನನಗೆ ಸುಳ್ಳು ಹೇಳಿದಳು ಅನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ವರ್ಷದ ರಥಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ಆ ಸೋಮವಾರ ಮಧ್ಯಾಹ್ನ ಅಮ್ಮ ಅವಲಕ್ಕಿ ಮುಂದಿಟ್ಟು ಎಂದಿನಂತೆ ಕೇಳಿದಳು. "ನಥಿಂಗ್," ಅಂದು ತಟ್ಟೆ ತೆಗೆದುಕೊಂಡು ನನ್ನ ಕೋಣೆಗೆ ಹೋದೆ. ಅಮ್ಮನಿಗೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು.

ಅಪ್ಪನಿಗೆ ನಾನು ನಿಜ ಹೇಳಲೇ ಇಲ್ಲ. ಅವರು ಆ ಕಥೆಯನ್ನು ನನ್ನ ಮದುವೆಯಲ್ಲಿ ಬೀಗರಿಗೂ ಹೇಳಿದರು, ಕೊನೆಗಾಲದಲ್ಲಿ ಆಸ್ಪತ್ರೆಯ ನರ್ಸಿಗೂ ಹೇಳಿದರು. ಅವರು ಹೆಮ್ಮೆಪಟ್ಟ ಮಗಳು ಅಮ್ಮ ಕಟ್ಟಿದ ಹುಡುಗಿ, ನಾನಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದ ಅಪ್ಪನನ್ನು ಎಷ್ಟೋ ವರ್ಷ ಏನೂ ಕೇಳದೆಯೇ ಕಳೆದೆ.

ಅಮ್ಮ ಈಗ ಬ್ರಿಡ್ಜ್‌ವಾಟರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ನಾನೇ ಅವಳನ್ನು ದೇವಸ್ಥಾನಕ್ಕೆ, ಡಾಕ್ಟರ ಹತ್ತಿರ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಮಾತ್ರೆ ತೆಗೆದುಕೊಂಡೆಯಾ, ಹೊರಗೆ ಚಳಿ ಇದೆ, ಸಾರಿಗೆ ಉಪ್ಪು ಸಾಕಾ ಎಂದೆಲ್ಲ ಮಾತಾಡುತ್ತೇವೆ, ಜಗಳವಿಲ್ಲ. ನಾನು ಪ್ರೀತಿಸಿದವನ ಸುದ್ದಿ, ಮೊದಲ ಮಗು ಹೊಟ್ಟೆಯಲ್ಲೇ ಹೋದ ಸುದ್ದಿ, ಕೆಲಸ ಬಿಟ್ಟ ಸುದ್ದಿ, ಎಲ್ಲವೂ ಅವಳಿಗೆ ಎಲ್ಲ ಮುಗಿದ ಮೇಲೆ, ಬೇರೆಯವರ ಬಾಯಿಂದಲೇ ತಿಳಿದವು. ಡಾನ್ಸುಗಳು ಆಮೇಲೆ ಬೇಕಾದಷ್ಟು ಬಂದವು, ಹೋದವು. ಆ ಸಂಜೆ ನನಗೆ ತಪ್ಪಿದ್ದು ಬರೀ ಒಂದು ಡಾನ್ಸ್ ಆಗಿದ್ದರೆ ಎಂದೋ ಮರೆಯುತ್ತಿದ್ದೆ. ನನ್ನನ್ನು ಕಳೆದುಕೊಳ್ಳುತ್ತೇನೆಂದು ಹೆದರಿ ಅಮ್ಮ ಹಾಗೆ ಮಾಡಿದಳು. ನನ್ನನ್ನು ಅವಳು ಕಳೆದುಕೊಂಡದ್ದೂ ಹಾಗೆಯೇ.