ಅಪ್ಪನ ಎದೆಯ ಮೇಲಿನ ಕೆಮ್ಮಣ್ಣು

ಹರಳೆಣ್ಣೆ ಸವರಿದ ಬಿದಿರುಕೋಲನ್ನು ಕೆಂಡದ ಮೇಲೆ ಹೊರಳಿಸಿದರೆ ಒಂದು ವಾಸನೆ ಏಳುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಸಂಜೆಯವರೆಗೂ ಬಿಡದು. ಈಗ ನನ್ನ ಹತ್ತಿರ ದೊಣ್ಣೆವರಸೆ ಕಲಿಯಲು ಬರುವ ಮಕ್ಕಳ ಕೋಲುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಕೊರಿಯರ್‌ನಲ್ಲಿ ಬರುತ್ತವೆ. ಅವಕ್ಕೆ ಯಾವ ವಾಸನೆಯೂ ಇಲ್ಲ. ಮೊನ್ನೆ ಅಂಥದ್ದೊಂದು ಸೊಟ್ಟಗಾಗಿತ್ತೆಂದು ರಾಬರ್ಟ್‌ಸನ್‌ಪೇಟೆಯ ನಮ್ಮ ತಾರಸಿಯ ಮೇಲೆ ಕೆಂಡ ಮಾಡಿಕೊಂಡು ಕೂತೆ. ಎಣ್ಣೆ ಕಾದದ್ದೇ ತಡ, ಮೈಸೂರು ಮೈನ್ಸ್‌ನ ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆ, ಅದರ ತಗಡಿನ ಸೂರು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕೋಲು ನೆಟ್ಟಗೆ ಮಾಡುತ್ತಿದ್ದ ಅಪ್ಪ, ಎಲ್ಲ ಎದ್ದು ಬಂದವು. ನಿಮಗೂ ಅಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಆ ಮನೆ ಈಗಿಲ್ಲ. ಸಾಲಿಗೆ ಸಾಲೇ ಬಿದ್ದುಹೋಗಿ ಜಾಲಿ ಬೆಳೆದಿದೆ.

ಅಪ್ಪ ಚಿನ್ನದ ಗಣಿಗೆ ಇಳಿದು ದುಡಿದವನು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಯಾವುದೋ ಕಟ್ಟಡದ ಬಾಗಿಲು ಕಾಯಲು ಹೋಗುತ್ತಿದ್ದ, ಭಾನುವಾರ ಮಾತ್ರ ನಮ್ಮವನು. ನಾವು ಬಂಗಾರಪೇಟೆ ಕಡೆಯ ಹಳ್ಳಿಯವರು, ಮನೆಮಾತು ಕನ್ನಡ. ಆದರೆ ಅಪ್ಪ ಕೋಲು ಹಿಡಿಯಲು ಕಲಿತದ್ದು ಗಣಿಯ ತಮಿಳರ ಹತ್ತಿರ. ಹಾಗಾಗಿ ನಮ್ಮ ಅಂಗಳದ ಗರಡಿಯಲ್ಲಿ ಪಾಠ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ ನಡೆಯುತ್ತಿತ್ತು. ಕಲಿಯುವವರೆಲ್ಲ ಅವನನ್ನು ವಾದ್ಯಾರೇ ಅನ್ನುತ್ತಿದ್ದರು, ಅಂದರೆ ಮೇಷ್ಟ್ರೇ ಎಂದು. “ಕೋಲು ಸುಳ್ಳೇಳ್ತದೆ, ಪಾದ ಸುಳ್ಳೇಳಲ್ಲ, ಕಾಲ್ ನೋಡ್ಲೇ” ಅನ್ನುವುದು ಅವನ ದೊಡ್ಡ ಪಾಠ. ಇಬ್ಬರು ಎದುರುಬದುರು ಆಡುವಾಗ ಕೋಲಿನ ತುದಿಗೆ ಬಟ್ಟೆ ಸುತ್ತಿ, ಕಲಸಿದ ಕೆಮ್ಮಣ್ಣಿನಲ್ಲಿ ಅದ್ದಬೇಕು, ಮೈಮೇಲೆ ಬಿಳಿ ಬನೀನು ಇರಬೇಕು. ತಾಗಿದರೆ ಗುರುತು ಬೀಳುತ್ತದೆ, ವಾದಕ್ಕೆ ಜಾಗವಿಲ್ಲ. “ಗುರ್ತು ಆಕೋರು ನೀವು, ಉಜ್ಜೋಳು ನಾನು” ಎಂದು ಅವ್ವ ಪ್ರತಿ ಸೋಮವಾರ ಒಗೆಯುವ ಕಲ್ಲಿನ ಹತ್ತಿರ ಗೊಣಗುತ್ತಿದ್ದಳು.

ಅಪ್ಪ ಒಂದು ನಿಯಮ ಹೇಳಿದ್ದ. ವಾದ್ಯಾರನ ಎದೆಗೆ ಯಾರು ಗುರುತು ಹಾಕುತ್ತಾರೋ ಗರಡಿ ಅವರದ್ದು. ಅಂದಿನಿಂದ ವಾದ್ಯಾರ್ ಕೋಲು ಮುಟ್ಟುವಂತಿಲ್ಲ. ಇದು ತನ್ನ ಗುರುವಿನ ಕಾಲದಿಂದ ಬಂದದ್ದು ಅನ್ನುತ್ತಿದ್ದ. ಅವನ ಎದೆಯವರೆಗೆ ಯಾರ ಕೋಲೂ ಹೋಗುತ್ತಿರಲಿಲ್ಲವಾದ್ದರಿಂದ ನಾವು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಆದರೆ ಗಣಿಯ ದೂಳು ಅವನ ಎದೆಯಲ್ಲಿ ಕೂತಿತ್ತು. ನಾನು ಪಿಯುಸಿಗೆ ಬರುವ ಹೊತ್ತಿಗೆ, ಕೆಮ್ಮು ಬಂದರೆ ಅವನ ಎಡಮೊಣಕೈ ಇಳಿದು ಎದೆ ಬಾಗಿಲು ತೆರೆದಂತೆ ಬಯಲಾಗುತ್ತಿತ್ತು. ಅದನ್ನು ಕಂಡವಳು ನಾನೊಬ್ಬಳೇ. ಒಂದು ಭಾನುವಾರ ಆ ಸಂದಿಗೆ ಕೋಲು ನುಗ್ಗಿಸಿ, ಗೇಣು ದೂರದಲ್ಲಿ ನಿಲ್ಲಿಸಿಬಿಟ್ಟೆ. ಕನಿಕರವೂ ಇತ್ತು, ಅದಕ್ಕಿಂತ ಹೆಚ್ಚಾಗಿ, ಹೊಡೆದರೆ ಅಪ್ಪನ ಜೊತೆ ಆಡುವುದು ಮುಗಿಯುತ್ತದಲ್ಲ ಎಂಬ ಹೆದರಿಕೆ.

“ಯಾಕ್ಲೇ ನಿಲ್ಲಿಸ್ದೆ?”

“ಕೆಮ್ತಿದ್ದಲ್ಲಪ್ಪಾ.”

“ಕೆಮ್ಮು ನಂದು, ಕೋಲು ನಿಂದು. ನಿನ್ ಕೆಲ್ಸ ನೀನ್ ಮಾಡು.”

ಅಷ್ಟು ಕೋಪವನ್ನು ನಾನು ಅವನಲ್ಲಿ ಕಂಡಿರಲಿಲ್ಲ. ಮುಂದಿನ ಭಾನುವಾರ ಎಂದಿಗಿಂತ ಚೆನ್ನಾಗಿ ಆಡಿದ. ನನ್ನ ಹೆಗಲು, ಪಕ್ಕೆ, ತೋಳೆಲ್ಲ ಕೆಂಪು ಮಾಡಿದ. ಆಮೇಲೆ ಕೆಮ್ಮು ಬಂತು. ನಾನು ಹಲ್ಲು ಕಚ್ಚಿ ನೇರವಾಗಿ ಚುಚ್ಚಿದೆ. ಬಿಳಿ ಬನೀನಿನ ನಡುವೆ ರೂಪಾಯಿಯಗಲದ ಕೆಂಪು ಗುರುತು. ಅಪ್ಪ ತಲೆ ಬಗ್ಗಿಸಿ ಅದನ್ನು ನೋಡಿಕೊಂಡ, ಕೆಮ್ಮುತ್ತಲೇ ನಗತೊಡಗಿದ. “ಬಾರೇ ಇಲ್ಲಿ, ನಿನ್ ಮಗ್ಳು ಒಡದ್ಲು ನೋಡೇ!” ಎಂದು ಅವ್ವನನ್ನು ಕೂಗಿದ. “ಅದನ್ನ ಬಿಚ್ಚಿಟ್ಟಾದ್ರೂ ಓಗು” ಎಂದು ಅವಳು ಅಂದರೂ ಕೇಳದೆ ಅದೇ ಬನೀನಿನಲ್ಲಿ ಟೀ ಅಂಗಡಿಗೆ ಹೋಗಿ, ಕಂಡಕಂಡವರಿಗೆಲ್ಲ ಎದೆ ತೋರಿಸಿ ಬಂದ. ಆಮೇಲೆ ಕೋಲು ಮುಟ್ಟಲಿಲ್ಲ. ಭಾನುವಾರಗಳಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ನಾನು ಹೇಳಿಕೊಡುವುದನ್ನು ನೋಡುತ್ತಿದ್ದ. ನನಗೆ ಹೆಮ್ಮೆಯೇ. ಆದರೆ ಅವನ ಕೈಯ ಕೋಲು ಕಿತ್ತುಕೊಂಡೆನೆಂಬ ಮುಳ್ಳು, ಅವನು ಹೋದ ಮೇಲೂ ಒಳಗೇ ಉಳಿಯಿತು.

ಈಗ ವಾರಕ್ಕೆರಡು ದಿನ ಬಂಗಾರಪೇಟೆಯ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿ ರೈಲಿನಲ್ಲಿ ವಾಪಸಾಗುತ್ತೇನೆ. ಹೋದ ತಿಂಗಳು ನನ್ನ ಕೋಲುಗಳ ಚೀಲ ನೋಡಿ ಎದುರಿಗಿದ್ದ ಮುದುಕರೊಬ್ಬರು ಮಾತಿಗೆಳೆದರು. ಅಪ್ಪನ ಜೊತೆಗೇ ಕಲಿತವರಂತೆ. ಗರಡಿ ನನ್ನ ಕೈಗೆ ಬಂದ ಕಥೆ ಹೇಳಿದೆ. ನಿಯಮದ ಮಾತು ಬಂದಾಗ ಅವರು ಹುಬ್ಬೇರಿಸಿದರು.

“ಯಾರಮ್ಮಾ ಏಳಿದ್ದು? ಅಂಥಾ ರೂಲ್ ನಮ್ಮಲ್ಲಿ ಇಲ್ಲವೇ ಇಲ್ಲ. ನಮ್ ವಾದ್ಯಾರ್ ಎದೆಗೆ ನಾವ್ ಎಷ್ಟು ಸಲ ಗುರ್ತು ಆಕಿಲ್ಲ! ಸಾಯೋ ವರ್ಷಾನೂ ಆಡಿದ್ರು ಅವ್ರು.”

ಊರು ಬರುವವರೆಗೂ ಅದನ್ನೇ ಲೆಕ್ಕ ಹಾಕಿದೆ. ಹೇಗಿದ್ದರೂ ಕೋಲು ಇಳಿಸಲೇಬೇಕಾದ ಕಾಲ ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಕೆಮ್ಮಿಗೆ ಸೋತೆ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಅದಕ್ಕೇ ಒಂದು ನಿಯಮ ಕಟ್ಟಿ, ಮಗಳಿಗೆ ಸೋತೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಒಳಗಿನ ಮುಳ್ಳು ಅಂದೇ ಬಿದ್ದುಹೋಯಿತು. ಆದರೆ ಅಂಥ ನಿಯಮವೇ ಇರಲಿಲ್ಲವೆಂದ ಮೇಲೆ, ಅವನಿಗೆ ಉಸಿರಿದ್ದಷ್ಟು ಹೊತ್ತು, ಇನ್ನೂ ಒಂದೆರಡು ಭಾನುವಾರ ನಾವಿಬ್ಬರೂ ಆಡಬಹುದಿತ್ತಲ್ಲ.