ಕುರಿಯಂತೆ ವಾರಕ್ಕೆ ಸಾಕಿದ ಕಾರು

ಯಳಂದೂರಿನ ನಿವೃತ್ತ ಎಂಜಿನಿಯರರೊಬ್ಬರ ಹಿತ್ತಲಲ್ಲಿ, ಟಾರ್ಪಾಲಿನ ಅಡಿಯಲ್ಲಿ, ಬೆಳ್ಳಿಬಣ್ಣದ ಆಕ್ಟೇವಿಯಾ ಆರ್‌ಎಸ್ ಕಾರೊಂದು ನಿಂತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ಶಾಂತಮೂರ್ತಿಗೆ ಊಟ ಸೇರಲಿಲ್ಲ. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ರಿಪೇರಿ ಮಾಡುತ್ತ ಬೆಳೆದವನು ಅವನು. ಈಗ ಕೊಳ್ಳೇಗಾಲದಲ್ಲೊಂದು ತಗಡಿನ ಶೆಡ್ಡು ಹಾಕಿಕೊಂಡು, ತಯಾರಿಕೆ ನಿಂತುಹೋದ, ವೇಗವಾಗಿ ಓಡುವುದಕ್ಕೆಂದೇ ಹುಟ್ಟಿದ ಹಳೆಯ ಕಾರುಗಳನ್ನು ಮಾರುತ್ತಿದ್ದ. ಟರ್ಬೊ ಇರುವ ಆ ಕಾರು ದೇಶಕ್ಕೆ ಬಂದದ್ದೇ ಕೆಲವು; ಉಳಿದಿರುವುದು ಇನ್ನೂ ಕಡಿಮೆ.

ಶೆಡ್ಡಿನಲ್ಲಿ ನಿಂತಿದ್ದ ಕಾರುಗಳಲ್ಲಿ ಒಂದೂ ಅವನದಲ್ಲ. ಒಡೆಯರು ತಂದು ಬಿಡುವರು, ಇವನು ಗಿರಾಕಿ ಹುಡುಕಿ ಕಮಿಷನ್ ಪಡೆಯುವನು. ಆದರೆ ಅಪರೂಪದ ಕಾರು ಗಿರಾಕಿಗಾಗಿ ಕಾಯುವುದಿಲ್ಲ. ಎಂಜಿನಿಯರರಿಗೆ ಪೂರ್ತಿ ಹಣ ಒಟ್ಟಿಗೇ ಬೇಕಿತ್ತು. ಸೋಮವಾರ ಸೇಲಂನ ವ್ಯಾಪಾರಿಯೊಬ್ಬ ಬರುವವನಿದ್ದ. ಹೊಸ ಟ್ರ್ಯಾಕ್ಟರಿಗಾದರೆ ಇವತ್ತೇ ಸಾಲ, ಇಪ್ಪತ್ತು ವರ್ಷದ ಕಾರಿಗೆ ಗುಜರಿ ಬೆಲೆಯನ್ನೂ ಕಟ್ಟಲಾಗದು ಎಂದು ಬ್ಯಾಂಕಿನವರು ಕೈಚೆಲ್ಲಿದರು.

ದಾರಿ ತೋರಿಸಿದವಳು ಹೆಂಡತಿ ಜ್ಯೋತಿಲಕ್ಷ್ಮಿ. ತಟ್ಟೆಗೆ ಮುದ್ದೆ ಹಾಕುತ್ತಲೇ ಅವಳೆಂದಳು: “ನಮ್ಮ ಪುಟ್ಟಮಲ್ಲಪ್ಪಮಾವ ಕುರೀನ ವಾರಕ್ಕೆ ಕೊಡಾಕಿಲ್ವಾ? ಕಾರ್ನೂ ಅಂಗೇ ಕೇಳಿ ನೋಡಿ.”

ಹನೂರಿನ ಪುಟ್ಟಮಲ್ಲಪ್ಪ ಅವಳ ಸೋದರಮಾವ. ಕುರಿಗಳನ್ನು ಕೊಂಡು ಪರರ ಮಂದೆಗೆ ಸಾಕಲು ಬಿಡುವುದು ಅವನ ಕಸುಬು. ಮಾರಿದ ಮೇಲೆ ಅಸಲು ಒಡೆಯನಿಗೆ, ಲಾಭದಲ್ಲಿ ಅರ್ಧ ಸಾಕಿದವನಿಗೆ, ಇದೇ ವಾರ. ರೋಗದಿಂದ ಸತ್ತರೆ ಚರ್ಮ ತಂದು ತೋರಿಸಬೇಕು, ಆಗ ನಷ್ಟ ಒಡೆಯನದು. ಶಾಂತಮೂರ್ತಿಯ ಮಾತನ್ನು ಕೊನೆಯವರೆಗೂ ಕೇಳಿದ ಮುದುಕ ಒಂದೇ ಪ್ರಶ್ನೆ ಹಾಕಿದ.

“ಸತ್ರೆ ಏನ್ಲಾ ತೋರುಸ್ತೀಯ ಅಳಿಮಯ್ಯ?”

“ಎಂಜಿನ್ ಬಿಚ್ಚಿ ತಂದು ನಿಮ್ ಜಗಲಿ ಮೇಲೆ ಇಡ್ತೀನಿ ಮಾವ.”

ಮುದುಕ ನಕ್ಕು, ಪೂರ್ತಿ ಹಣ ಎಣಿಸಿಕೊಟ್ಟ. ಸೋಮವಾರಕ್ಕೆ ಮುಂಚೆಯೇ ಕಾರು ಕೈಸೇರಿತು. ಯಳಂದೂರು ದಾಟಿ ಗದ್ದೆಬಯಲಿನ ನೇರ ರಸ್ತೆಯಲ್ಲಿ ಶಾಂತಮೂರ್ತಿ ಒಮ್ಮೆ ಪೆಡಲು ಒತ್ತಿದ. ಅರೆಕ್ಷಣದ ಮೌನ, ಬಳಿಕ ಟರ್ಬೊ ಸಿಳ್ಳೆ ಹಾಕಿ ಅವನ ಬೆನ್ನನ್ನು ಸೀಟಿಗೆ ಅದುಮಿತು. ಒಬ್ಬನೇ ಇದ್ದರೂ ಗಟ್ಟಿಯಾಗಿ ನಗುತ್ತ ಅವನು ಊರು ಸೇರಿದ.

ಬ್ರೇಕು, ಬೆಲ್ಟು, ಹೋಸುಗಳೆಲ್ಲ ಹೊಸದಾದವು. ಬಣ್ಣವನ್ನು ಮಾತ್ರ ಅವನು ಮುಟ್ಟಲಿಲ್ಲ. ಇಂಥ ಕಾರಿನ ಅರ್ಧ ಬೆಲೆ ಕಾರ್ಖಾನೆಯಲ್ಲಿ ಬಳಿದ ಆ ಮೊದಲ ಬಣ್ಣದಲ್ಲೇ ಇರುತ್ತದೆ. ಕೊಯಮತ್ತೂರಿನ ಡಾಕ್ಟರೊಬ್ಬರು ಅದನ್ನೇ ನಂಬಿ ಒಳ್ಳೆಯ ಬೆಲೆಗೆ ಒಪ್ಪಿದ್ದರು. ಆ ಬೆಲೆ ಬಂದರೆ ಶಾಂತಮೂರ್ತಿಯ ಪಾಲಿನಲ್ಲಿ, ಜೀವಮಾನದಲ್ಲಿ ಮೊದಲ ಸಲ, ತನ್ನದೇ ಎನ್ನಬಹುದಾದ ಕಾರೊಂದಕ್ಕೆ ಮುಂಗಡ ಹುಟ್ಟುತ್ತಿತ್ತು.

ಡಾಕ್ಟರು ಬರುವ ಬೆಳಿಗ್ಗೆ ಪೆಟ್ರೋಲು ತರಲು ಹೋದವನು ಹಿಂದಿರುಗಿದಾಗ, ಪುಟ್ಟಮಲ್ಲಪ್ಪ ಕಾರಿನ ಹಿಂಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಚೂರಿ, ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬಿ. ಬಾಗಿಲ ಮೇಲೆ ತಗಡು ಕಾಣುವಷ್ಟು ಕೆರೆದ ಒಂದು ವೃತ್ತ, ಅದರೊಳಗೊಂದು ಗೀಟು. ಅವನ ಕುರಿಗಳಿಗೆಲ್ಲ ಇರುವ ಗುರುತು ಅದು.

“ನಿನ್ ಮಂದೇಲಿ ನಾಕಾರ್ ಅವ,” ಎಂದ ಮುದುಕ ಹೆಮ್ಮೆಯಿಂದ. “ನಂದ್ಯಾವ್ದು ಅಂತ ಗೊತ್ತಾಗದ್ ಬ್ಯಾಡ್ವಾ?”

ಶಾಂತಮೂರ್ತಿ ಪೆಟ್ರೋಲಿನ ಕ್ಯಾನನ್ನು ನೆಲಕ್ಕಿಟ್ಟ. ಬೈಯುವಂತಿಲ್ಲ, ಮಾವ, ಮೇಲಾಗಿ ಒಡೆಯ. ತಡವರಿಸುತ್ತ ಅವನು ಬಣ್ಣದ ಬೆಲೆಯನ್ನು ವಿವರಿಸುವಷ್ಟರಲ್ಲಿ ಡಾಕ್ಟರ ವಾಹನ ಬಂದು ನಿಂತಿತು.

ಅವರು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಕಾರಿನ ಮೈಯೆಲ್ಲ ಇಟ್ಟು ನೋಡಿ, ತೃಪ್ತಿಯಿಂದ ತಲೆಯಾಡಿಸುತ್ತ ಹಿಂಬಾಗಿಲಿಗೆ ಬಂದರು. ಅಲ್ಲಿ ಯಂತ್ರದ ಅಗತ್ಯ ಬೀಳಲಿಲ್ಲ. ಕಾರು ಬೇಕು, ಆದರೆ ಆ ಬೆಲೆಗೆ ಸಾಧ್ಯವಿಲ್ಲ ಎಂದು ಮೃದುವಾಗಿಯೇ ಹೇಳಿ, ಇಳಿಸಿದ ಬೆಲೆಯನ್ನು ಮುಂದಿಟ್ಟರು. ಇಳಿದದ್ದು ಹೆಚ್ಚುಕಡಿಮೆ ಶಾಂತಮೂರ್ತಿಯ ಪಾಲಿನಷ್ಟೇ ಇತ್ತು. ಅವನು ಮಾವನ ಮುಖ ನೋಡಲಾರದೆ ನೆಲ ನೋಡಿದ.

ಪುಟ್ಟಮಲ್ಲಪ್ಪ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಹಾಕಿದ. “ಕೊಟ್ಬುಡು ಅಳಿಮಯ್ಯ. ಒಡೆಯನೇ ಕುರಿ ಕುಯ್ಕಂಡ್ ತಿಂದ್ರೆ ಅದು ಒಡೆಯನ್ ಲೆಕ್ಕ. ಇಳ್ದಿದ್ದು ನನ್ ಪಾಲಿಂದ. ನಿಂದು ಮೊದ್ಲು ಏನಿತ್ತೋ ಅದೇ.”

ಬೇಡವೆಂದು ಶಾಂತಮೂರ್ತಿ ಎರಡು ಬಾರಿ ಹೇಳಿದ. ವಾರದ ಕಟ್ಟಳೆಯನ್ನು ನಿನ್ನೆ ಮೊನ್ನೆ ಬಂದ ಕಾರಿಗಾಗಿ ಮುರಿಯಲಾರೆನೆಂದು ಮುದುಕ ಗದರಿದ. ಕಾರು ಸಿಳ್ಳೆ ಹಾಕುತ್ತ ತಿರುವಿನಲ್ಲಿ ಮರೆಯಾದಾಗ, ತನ್ನ ಗುರುತು ಕೊಯಮತ್ತೂರಿಗೆ ಹೋಗುತ್ತಿರುವುದನ್ನು ಅವನು ಕಣ್ಣರಳಿಸಿ ನೋಡಿದ.

ಮಾರ್ಟಳ್ಳಿಯಲ್ಲೊಂದು ಕೆಂಪು ಪಾಲಿಯೊ ಕಾರು ಇರುವ ಸುದ್ದಿಯನ್ನು ಶಾಂತಮೂರ್ತಿ ಮೆಲ್ಲನೆ ತೆಗೆದ. ಈ ಸಲ ಅರ್ಧ ಅಸಲು ತನ್ನದು ಎಂದೂ ಸೇರಿಸಿದ. ಕಾರು ಇಬ್ಬರದಾದರೆ ಗುರುತು ಎಲ್ಲಿ ಹಾಕುವುದೆಂಬುದೇ ಮುದುಕನ ಚಿಂತೆ.

“ಡಿಕ್ಕಿ ಒಳಗೆ ಸ್ಟೆಪ್ನಿ ಮೇಲೆ ಆಕ್ಕಳಿ ಮಾವ.”

“ಅಲ್ಲಾಕಿದ್ರೆ ಯಾರ್ಲಾ ನೋಡಾರು?” ಎಂದು ಗೊಣಗುತ್ತಲೇ ಪುಟ್ಟಮಲ್ಲಪ್ಪ ಡಬ್ಬಿ ಎತ್ತಿಕೊಂಡು, ಮಾರ್ಟಳ್ಳಿಗೆ ಹೊರಡಲು ಚಪ್ಪಲಿ ಮೆಟ್ಟಿದ.