ಬೆನ್ನಿಗೆ ಕೇಳುವ ಹಾಡು

ನಿನ್ನೆ ಸಂಜೆ ನಮ್ಮ ಮನೆಯ ಮುಂದೆ ಒಂದು ಕಾರು ಬಂದು ನಿಂತಿತು. ಗಾಜುಗಳನ್ನು ಪೂರ್ತಿ ಏರಿಸಿದ್ದರು. ಒಳಗೆ ಯಾವ ಹಾಡು ನಡೆದಿತ್ತೋ ತಿಳಿಯಲಿಲ್ಲ. ಆದರೆ ನಾನು ಕುಳಿತಿದ್ದ ಕಟ್ಟೆಯ ಕಲ್ಲು ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮನೆಯವರು ಬೈಯುತ್ತ ಬಾಗಿಲು ಹಾಕಿಕೊಂಡರು. ನಾನೂ ಬೈಯಬೇಕೆಂದಿದ್ದೆ, ಬೈಯಲಿಲ್ಲ. ಹೀಗೆ ಕಲ್ಲು ನಡುಗಿಸುವ ಸ್ಪೀಕರಿನ ಪೆಟ್ಟಿಗೆಯೊಂದನ್ನು ಕಾರಿನ ಡಿಕ್ಕಿಯಲ್ಲಿ ಕೂರಿಸಿದವರಲ್ಲಿ ನಾನೂ ಒಬ್ಬ.

ಎಂಬತ್ತರ ದಶಕದ ಮಾತು. ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯಿತ್ತು. ಅಂಗಡಿ ಎಂದರೆ ಒಂದು ಮೇಜು, ಅದರ ಹಿಂದೆ ನಾನು. ಗಿರಾಕಿ ಬಂದರೆ ನಿಂತೇ ಇರಬೇಕು. ನಿಂತವರಿಗೆ ಒಳ್ಳೆಯ ಸ್ವರ ಎಂದರೆ ಯಾವುದು ಎಂಬುದರ ಮೇಲೆ ಭಾಷಣ ಮಾಡುವುದು ನನ್ನ ಚಟ. ಭಾಷಣಕ್ಕೆ ಹೆದರಿ, ಕೆಟ್ಟ ರೇಡಿಯೊವನ್ನೇ ಮನೆಯಲ್ಲಿಟ್ಟುಕೊಂಡವರೂ ಇದ್ದರೆಂದು ಆಮೇಲೆ ತಿಳಿಯಿತು. ಅಂಥ ಸ್ಪೀಕರಿಗೆ ಸಬ್‌ವೂಫರ್ ಎಂಬ ಹೆಸರು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ದೊಡ್ಡ ಸ್ಪೀಕರ್ ಎನ್ನುತ್ತಿದ್ದೆವು, ಅಷ್ಟೇ.

ಅದನ್ನು ಕೇಳಿಕೊಂಡು ಬಂದವರು ನಿಂಗಪ್ಪ ಕಾಕಾ. ಅವರದು ಸ್ವಂತ ಅಂಬಾಸಿಡರ್ ಟ್ಯಾಕ್ಸಿ. ಹಾನಗಲ್ಲಿನ ಭತ್ತದ ವ್ಯಾಪಾರಿಗಳಿಗೆ, ಹಿರೇಕೆರೂರಿನ ಹತ್ತಿ ದಲಾಲರಿಗೆ, ಹುಬ್ಬಳ್ಳಿಯ ದವಾಖಾನೆಗೆ ಹೆರಿಗೆಗೆ ಹೋಗುವವರಿಗೆ ಅವರ ಗಾಡಿಯೇ ಆಗಬೇಕು. ಮೊದಲು ಬಹಳ ಮಾತಿನ ಮನುಷ್ಯ. ಈಚೆಗೆ ಮಾತು ಕಡಿಮೆಯಾಗಿ, ಸೊಕ್ಕು ಬಂದಿದೆ ಎಂದು ಸ್ಟ್ಯಾಂಡಿನಲ್ಲಿ ಆಡಿಕೊಳ್ಳುತ್ತಿದ್ದರು.

"ತಮ್ಮಾ, ಡಿಕ್ಕ್ಯಾಗ ಒಂದು ದೊಡ್ಡ ಸ್ಪೀಕರ್ ಕೂಡಸು. ಗಾಡಿ ನಡಗಬೇಕು" ಅಂದರು.

"ಗಾಡಿ ನಡಗಿದ್ರ ಸ್ವರ ಕೆಡತೈತಿ ಕಾಕಾ" ಎಂದು ನಾನು ಭಾಷಣ ಸುರು ಮಾಡಿದೆ. ಅವರು ನನ್ನ ಮುಖದಿಂದ ಕಣ್ಣು ಕೀಳದೆ ಕೊನೆಯವರೆಗೂ ನಿಂತರು. ಇಷ್ಟು ಮನಸ್ಸಿಟ್ಟು ಕೇಳಿದ ಮೊದಲ ಗಿರಾಕಿ ಇವರೇ ಎಂದು ನಾನು ಹಿಗ್ಗಿದೆ. ಮುಗಿದ ಮೇಲೆ, "ಎಲ್ಲಾ ಖರೆ. ಗಾಡಿ ನಡಗಬೇಕು" ಅಂದರು.

ಸ್ಪೀಕರನ್ನು ಹುಬ್ಬಳ್ಳಿಯಿಂದ ತಂದೆ. ಅದಕ್ಕೆ ಪೆಟ್ಟಿಗೆ ಮಾಡಿದವರು ಸವಣೂರಿನ ಇಮಾಮಸಾಬರು. ಬಾಗಿಲು, ತೊಟ್ಟಿಲು ಮಾಡುವ ಬಡಿಗ. ನಿಂಗಪ್ಪ ಕಾಕಾನ ಹಳೆಯ ಗೆಳೆಯ. ಇಂಥ ಪೆಟ್ಟಿಗೆಯಲ್ಲಿ ಎಲ್ಲಿಯೂ ಗಾಳಿ ಸೋರಬಾರದು. ಸೋರಿದರೆ ಕೆಳಗಿನ ಸ್ವರ ಹರಿದ ಡೊಳ್ಳಿನಂತೆ ಬರುತ್ತದೆ. ಇಮಾಮಸಾಬರು ದಪ್ಪ ಹಲಗೆಗಳನ್ನು ಅಂಟು ಹಾಕಿ ಕೂಡಿಸಿ, ಹಾಡು ಹಚ್ಚಿಸಿ, ಒಂದೊಂದು ಸಂದಿಯ ಹತ್ತಿರವೂ ಊದುಬತ್ತಿ ಹಿಡಿದು ನೋಡಿದರು. ಹೊಗೆ ಅಲುಗಿದ ಕಡೆಯಲ್ಲೆಲ್ಲ ಮತ್ತೆ ಅಂಟು. ಒಳಗೆ ಹಿರೇಕೆರೂರಿನ ಪಿಂಜಿದ ಹತ್ತಿ. ಗಾದಿಗೆ ತುರುಕಿದಂತೆ ತುರುಕಬಾರದು, ಹಗುರಾಗಿ ಇಡಬೇಕು ಎಂದು ನಾನು ಹೇಳುತ್ತಿದ್ದರೆ ಅವರು ನಕ್ಕರು.

"ಸತ್ತವರ ಮೂಗಿಗೆ ಹತ್ತಿ ಇಡೋದು ನೋಡಿದ್ದೆ. ಹಾಡಿಗೆ ಇಡೋದು ಇವತ್ತ ನೋಡಿದೆ."

ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಸೀಟಿನ ಬೆನ್ನಿಗೆ ಮುಖ ಮಾಡಿ, ಸ್ಕ್ರೂ ಹಾಕಿ ಬಿಗಿದೆವು. ಡಿಕ್ಕಿಯ ಮುಚ್ಚಳ ಗಡಗಡ ಅನ್ನತೊಡಗಿತು. ಸುತ್ತ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದೆವು. ಇಷ್ಟಾದರೂ ಸ್ವರ ಏಳಲಿಲ್ಲ. ಮುಂದಿನ ಬಾಗಿಲುಗಳ ಸಣ್ಣ ಸ್ಪೀಕರುಗಳು ಒಂದು ಕಡೆ ನೂಕಿದರೆ ಡಿಕ್ಕಿಯದು ಇನ್ನೊಂದು ಕಡೆ ಎಳೆಯುತ್ತಿತ್ತು. ಡಿಕ್ಕಿಯ ಸ್ಪೀಕರಿನ ಎರಡು ವಾಯರುಗಳನ್ನು ಅದಲುಬದಲು ಮಾಡಿ ಕೊಟ್ಟ ಮೇಲೆ, ಮನೆಯೊಳಗೆ ಹಿರಿಯರು ಬಂದಂತೆ, ಸ್ವರ ಬಂದು ಕೂತಿತು. ಹಾಡುವವರ ಉಸಿರು ಕೂಡ ಕೇಳಬೇಕೆಂದು ನಾನು ಹದವಾಗಿ ಇಟ್ಟೆ.

ಕಾಕಾ ಸ್ಟೇರಿಂಗಿನ ಮುಂದೆ, ಸೀಟಿಗೆ ಬೆನ್ನು ಒತ್ತಿ ಕುಳಿತರು. "ಬೆನ್ನಿಗೆ ಬರವಲ್ದು."

"ಹಾಡು ಬೆನ್ನಿಗೆ ಯಾಕ ಬರಬೇಕ್ರಿ ಕಾಕಾ?"

"ಇನ್ನೊಂದೀಟು ಏರಸು."

"ಏರಸೋ ಮಾರಾಯ. ಅವನ ಗಾಡಿ, ಅವನ ಬೆನ್ನು" ಅಂದರು ಇಮಾಮಸಾಬರು. ಏರಿಸಿದೆ. ಕಾಕಾನ ಮುಖದಲ್ಲಿ ನಗು ಬಂದಿತು. ನನ್ನ ಒಳ್ಳೆಯ ಸ್ವರ ಕೆಟ್ಟಿತು.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳಬೇಕು. ಯಾರಿಗೂ ಏನೂ ಆಗಲಿಲ್ಲ. ಓದುವ ನಿಮಗೆ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಧ್ಯಾಹ್ನ ಸವಣೂರಿನಿಂದ ಶಿಗ್ಗಾಂವದ ಕಡೆ ಹೊರಟೆವು. ಕಾಕಾನ ಪಕ್ಕದಲ್ಲಿ ನಾನು; ತಮ್ಮ ಪೆಟ್ಟಿಗೆ ಹೇಗೆ ನುಡಿಯುತ್ತದೆಂದು ನೋಡಲು ಹಿಂದೆ ಇಮಾಮಸಾಬರು. ಹಾಡು ಜೋರಾಗಿತ್ತು. ಮುಂದೆ ಜೋಳದ ಕಣಕಿ ಹೇರಿದ ಒಂದು ಎತ್ತಿನ ಚಕ್ಕಡಿ. ಹಿಂದಿನಿಂದ ಲಾರಿಯ ಹಾರ್ನು ಕೇಳಿತು. ಹಾಡಿನ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿತು. ಇಮಾಮಸಾಬರು ಹೊರಳಿ ನೋಡಿದರು. ಲಾರಿ ಹೋಗಲೆಂದು ಕಾಕಾ ತಡೆಯುತ್ತಾರೆ ಎಂದುಕೊಂಡೆ. ಅವರು ಚಕ್ಕಡಿಯನ್ನು ದಾಟಲು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಇಮಾಮಸಾಬರು ಹಿಂದಿನಿಂದ ಎರಡೂ ಕೈಗಳಲ್ಲಿ ಅವರ ಹೆಗಲು ಹಿಡಿದು ಎಡಕ್ಕೆ ಜಗ್ಗಿದರು. ಕಿಟಕಿಯ ತುಂಬ ಲಾರಿಯ ಮರದ ಪಟ್ಟಿಗಳು, ಜೋತುಬಿದ್ದ ಒಂದು ಹಗ್ಗ. ಆಮೇಲೆ ನಮ್ಮ ಗಾಡಿ ರಸ್ತೆ ಬಿಟ್ಟು, ಪಕ್ಕದ ಗರಸುಮಣ್ಣಿನ ಮೇಲೆ ಕುಪ್ಪಳಿಸಿ, ಜಾಲಿಗಿಡದ ಹತ್ತಿರ ನಿಂತಿತು. ಚಕ್ಕಡಿಯವನು ಹಿಂತಿರುಗಿ ಕೂಡ ನೋಡದೆ ಹೋದ.

ಕುಪ್ಪಳಿಸಿದ ರಭಸಕ್ಕೆ ಡಿಕ್ಕಿಯ ಸ್ಪೀಕರಿನ ವಾಯರು ಕಿತ್ತಿತ್ತು. ಬಾಗಿಲಿನ ಎರಡು ಸ್ಪೀಕರುಗಳು ಮಾತ್ರ ಅದೇ ಜೋರಿನಲ್ಲಿ ಹಾಡುತ್ತಿದ್ದವು. ಕಾಕಾ ರಸ್ತೆಯನ್ನೇ ನೋಡುತ್ತ ಕೇಳಿದರು:

"ಯಾಕ ಬಂದ್ ಮಾಡಿದಿ?"

"ಏನ್ರಿ ಕಾಕಾ?"

ಅವರು ನನ್ನ ಕಡೆ ನೋಡಲಿಲ್ಲ. "ಹಾಡು ಯಾಕ ಬಂದ್ ಮಾಡಿದಿ?"

ಹಾಡು ಎರಡನೆಯ ನುಡಿಯಲ್ಲಿತ್ತು. ನಾನು ಕೈ ಚಾಚಿ ಟೇಪನ್ನು ನಿಲ್ಲಿಸಿದೆ. ಗಾಡಿಯೊಳಗೆ ಒಮ್ಮೆಲೆ ನಿಶ್ಶಬ್ದವಾಯಿತು. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ಇಮಾಮಸಾಬರು ಇಳಿದು, ಸುತ್ತಿಬಂದು, ಅವರ ಕಿಟಕಿಯ ಮುಂದೆ ಬಗ್ಗಿ ನಿಂತರು. "ಯಾವಾಗಿಂದ ನಿಂಗಪ್ಪಾ?"

ಕಾಕಾ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದರು. "ಎರಡು ವರ್ಸ ಆತು. ಮೊದಲ ಎಡಗಿವಿ, ಆಮ್ಯಾಲೆ ಇದೂ. ಮನ್ಯಾಗ ಆಕೀಗೆ ಒಬ್ಬಾಕಿಗೆ ಗೊತ್ತು."

"ಮತ್ತ ಈ ಸ್ಪೀಕರ್ ಯಾಕ ಬೇಕಿತ್ತೋ ನಿನಗ?"

"ಹಿಂದ ಕುಂತವರು ಏನೋ ಕೇಳ್ತಾರ, ನಾ ಹೂಂ ಅಂತೇನಿ. ನಿಲ್ಲಸು ಅಂದಿರ್ತಾರ, ನಾ ಹೊಂಟಿರ್ತೇನಿ. ಹಾಡು ಜೋರಿದ್ರ ಗಾಡ್ಯಾಗ ಎಲ್ಲಾರೂ ಕಿವುಡರ. ಹೇಳೋದಿದ್ರ ಹೆಗಲ ಮುಟ್ಟಿ, ಮಾರಿ ಮುಂದ ತಂದು ಹೇಳ್ತಾರ. ಸಣ್ಣ ಸ್ಪೀಕರಿನ್ಯಾಗ ಹಾಡು ನಡದೈತೋ ನಿಂತೈತೋ ನನಗ ತಿಳಿಯಂಗಿಲ್ಲ. ಬೆನ್ನಿಗೆ ಬಂದ್ರ ತಿಳಿತೈತಿ."

"ಹಿಂದಿನ ಗಾಡಿ ಹೆಂಗ ತಿಳಿತೈತಿ?"

"ಕನ್ನಡಿ ನೋಡ್ತೇನಿ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಇವತ್ತ ನೋಡಲಿಲ್ಲ. ಎರಡು ವರ್ಸದ ಮ್ಯಾಲೆ ಹಾಡು ಬಂದಿತ್ತು. ಅದರಾಗ ಇದ್ದೆ."

ಸ್ವರದ ಬಗ್ಗೆ ನನಗೆ ಗೊತ್ತಿದ್ದ ಎಲ್ಲ ಮಾತುಗಳೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

"ಯಾರಿಗೂ ಹೇಳಬ್ಯಾಡ್ರಿ. ಗಾಡಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ" ಅಂದರು ಕಾಕಾ.

ಇಮಾಮಸಾಬರು ಕಿಟಕಿಯ ಮೇಲೆ ಕೈಯೂರಿ, ತುಟಿ ಕಾಣುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನಾವು ಹೇಳಂಗಿಲ್ಲ. ನೀನ ಹೇಳಬೇಕು. ಬರೋ ವಾರ ನನ್ನ ಸೊಸಿ ಹಡ್ಯಾಕ ಹುಬ್ಬಳ್ಳಿಗೆ ಹೋಗೋದು ನಿನ್ನ ಗಾಡ್ಯಾಗ."

ಮತ್ತೆ ಶಿಗ್ಗಾಂವದ ಕಡೆ ಹೊರಟಾಗ ಇಮಾಮಸಾಬರು ನನ್ನನ್ನು ಹಿಂದಕ್ಕೆ ಕಳಿಸಿ ತಾವು ಮುಂದೆ ಕುಳಿತರು. ಕಾಕಾನ ತೊಡೆಯ ಮೇಲೆ ಕೈಯಿಟ್ಟಿದ್ದರು. ಹಿಂದೆ ಗಾಡಿ ಬಂದರೆ ಒಮ್ಮೆ ಒತ್ತುತ್ತಿದ್ದರು. ಕಾಕಾ ಎಡಕ್ಕೆ ಸರಿದು ದಾರಿ ಕೊಡುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮುಂದಿನ ವಾರ ಕಾಕಾನ ಗಾಡಿ ಅಲ್ಲಿಗೆ ಬರುವ ದಿನ, ಕಿತ್ತ ವಾಯರು ಜೋಡಿಸಲೆಂದು ನಾನು ಸವಣೂರಿಗೆ ಹೋಗಿದ್ದೆ. ಇಮಾಮಸಾಬರ ಮನೆಯ ಮುಂದೆ ಸೊಸೆಯನ್ನು ಕಳಿಸಲು ಓಣಿಯ ಹೆಂಗಸರೆಲ್ಲ ಕೂಡಿದ್ದರು. ಗಾಡಿ ಬಂದಿತು. ಸ್ಟೇರಿಂಗಿನ ಮುಂದೆ ಕಾಕಾನ ಹೆಂಡತಿಯ ತಮ್ಮ; ಪಕ್ಕದ ಸೀಟಿನಲ್ಲಿ ಕಾಕಾ.

"ಏನ್ ನಿಂಗಪ್ಪಾ, ಸಾವಕಾರ ಆದೆಲ್ಲ, ಡ್ರೈವರ್ ಇಟ್ಟೀ" ಎಂದು ಎದುರುಮನೆಯವನೊಬ್ಬ ಕೆಣಕಿದ. ಕಾಕಾ ಇಳಿದು, ಬಾಗಿಲು ಮುಚ್ಚಿ, ಎಲ್ಲರಿಗೂ ಕಾಣುವ ಕಡೆ ನಿಂತರು. ತಮ್ಮ ದನಿಯ ಅಳತೆ ಅವರಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಬೇಕಾದುದಕ್ಕಿಂತ ಜೋರಾಗಿಯೇ ಹೇಳಿದರು.

"ಕಿವಿ ಹೋಗ್ಯಾವು. ಏನರ ಹೇಳೋದಿದ್ರ ಎದುರಿಗೆ ಬಂದು ಹೇಳ್ರಿ."

ಕೆಣಕಿದವನು ತಲೆ ತಗ್ಗಿಸಿದ. ಕೊನೆಗೆ ಇಮಾಮಸಾಬರ ಮುದಿತಾಯಿ ಕೋಲೂರಿಕೊಂಡು ಬಂದು, ಕಾಕಾನ ಎದುರಿಗೆ ನಿಂತು, ಗದ್ದವನ್ನೆತ್ತಿ, "ಚಾ ಕುಡಿತೀಯೇನಪ್ಪಾ?" ಅಂದಳು.

"ಕುಡಿತೇನಿ ಅವ್ವಾ" ಅಂದರು ಕಾಕಾ.

ನಿನ್ನೆ ಆ ಕಾರು ಯಾವಾಗ ಹೋಯಿತೋ ಗಮನಿಸಲಿಲ್ಲ. ಒಳಗಿನಿಂದ ಸೊಸೆ ಏನೋ ಅಂದಳು. ನಾನು "ಹೂಂ" ಅಂದೆ. ಅಂದ ಮೇಲೆ ಆ ಹೂಂ ನನಗೇ ಸರಿಬರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ.

"ಏನಂದಿ ಅವ್ವಾ? ನನಗ ಕೇಳಸಲಿಲ್ಲ."

"ಈಗ ಅಂದದ್ದೇನ್ರಿ ಮಾವ?"

"ಈಗಿಂದಷ್ಟ ಅಲ್ಲ" ಅಂದೆ. "ಭಾಳ ದಿವಸ ಆತು."

ಅವಳು ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.